ಕಿವಿಯ ಮುಂದಿನ ಸಣ್ಣ ತೂತು

ನನ್ನ ಗಂಡನ ಮನೆಯವರಿಗೆ ಬಲಗಿವಿಯ ಮುಂದೆ, ಕೆನ್ನೆ ಶುರುವಾಗುವಲ್ಲಿ, ಸೂಜಿ ಚುಚ್ಚಿದಂಥ ಒಂದು ತೂತು ಇರುತ್ತದೆ. ಮಾವನವರಿಗಿತ್ತು, ನನ್ನ ಗಂಡನಿಗಿದೆ, ಮೈದುನನಿಗಿದೆ. ರೈಲ್ವೆ ಕೆಲಸ ಹಿಡಿದು ಮಂಡ್ಯದ ಕಡೆಯಿಂದ ರಾಯಪುರಂಗೆ ಬಂದು ನೆಲೆನಿಂತ ಮನೆ ಇದು. ಮಾತಿಗೆ ತಮಿಳು ಸೇರಿದರೂ ಒಂದು ಪದ್ಧತಿ ಮಾತ್ರ ಬಿಟ್ಟಿಲ್ಲ: ಮಗು ಹುಟ್ಟಿದರೆ ಅತ್ತೆ ಮೊದಲು ಕಿವಿ ತಿರುಗಿಸಿ ನೋಡುತ್ತಾರೆ. ಗಂಡೋ ಹೆಣ್ಣೋ ಎಂಬುದು ಆಮೇಲಿನ ಮಾತು.

ನನ್ನ ಮಗು ತಿಂಗಳು ತುಂಬಿಯೇ ಹುಟ್ಟಿತು, ಆದರೆ ಅಳಲಿಲ್ಲ. ಅತ್ತೆ ಆಸ್ಪತ್ರೆಯ ಬಾಗಿಲಿಗೆ ಅಡ್ಡ ನಿಂತು, "ಯಾರೂ ನೋಡ್ಬ್ಯಾಡಿ. ಮೊಕ ಕಂಡ್ರೆ ಋಣ ಹರಿಯಾಕಿಲ್ಲ" ಎಂದರು. ನಾನು ಹೊಲಿಗೆ ಹಾಕಿಸಿಕೊಂಡು ಮಲಗಿದ್ದೆ, ಎದ್ದು ಜಗಳವಾಡುವ ಹಾಗಿರಲಿಲ್ಲ. ನನ್ನ ಗಂಡ ಬಟ್ಟೆ ಸುತ್ತಿದ ಕೂಸನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಗಂಡುಮಗು ಎಂದು ನರ್ಸು ಹೇಳಿದ್ದಷ್ಟನ್ನೇ ಹೇಳಿದರು. ನನಗೆ ಎದೆಹಾಲು ಬಂದಿತ್ತು. ಕಿವಿಯಲ್ಲಿ ತೂತಿತ್ತಾ ಎಂದು ಕೇಳಿದೆ. "ಬಟ್ಟೆ ಬಿಚ್ಚಲಿಲ್ಲ ಕಣೇ" ಎಂದು ಗೋಡೆಯ ಕಡೆ ತಿರುಗಿ ಅತ್ತರು. ಮತ್ತೆ ಅವರನ್ನು ಕೇಳಲಿಲ್ಲ. ಅತ್ತೆಯನ್ನಂತೂ ಏನೂ ಕೇಳುವ ಮನಸ್ಸಾಗಲಿಲ್ಲ. ಅವರ ಮೇಲಿನ ಸಿಟ್ಟು ನನ್ನೊಳಗೆ ಹಾಗೇ ಕೂತುಬಿಟ್ಟಿತು.

ನಾನು ಜೀವಶಾಸ್ತ್ರದ ಟೀಚರು. ವರ್ಷಕ್ಕೊಮ್ಮೆ ಜೀವವಿಕಾಸದ ಪಾಠ ಬರುತ್ತದೆ, ಸಿಲಬಸ್ಸಿಗೆ ಯಾರ ಸಂಕಟವೂ ಬೇಕಿಲ್ಲ. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ನಮ್ಮ ಕೈ, ಮೂರರಲ್ಲೂ ಮೂಳೆಗಳ ಜೋಡಣೆ ಒಂದೇ ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಒಂದೇ ತಾಯಿಯ ಮಕ್ಕಳೂ ಒಂದೇ ತರ ಇರುವುದಿಲ್ಲ. ಆ ವ್ಯತ್ಯಾಸಗಳಲ್ಲಿ ಬದುಕಿಗೆ ಒದಗಿದ್ದು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತದೆ, ಒದಗದಿದ್ದರೂ ಕೆಡುಕು ಮಾಡದ್ದು ಸುಮ್ಮನೆ ಉಳಿದುಕೊಂಡೂ ಬರಬಹುದು ಎನ್ನುತ್ತೇನೆ. ಆಮೇಲೆ ಭ್ರೂಣದ ಚಿತ್ರ. ಕತ್ತಿನ ಹತ್ತಿರ ಸಣ್ಣ ಮಡಿಕೆಗಳು. ಮೀನಿನಲ್ಲಿ ಅವು ಕಿವಿರಾಗುತ್ತವೆ, ನಮ್ಮಲ್ಲಿ ದವಡೆ, ಗಂಟಲು, ಕಿವಿ. "ಹಾಗಾದ್ರೆ ಹೊಟ್ಟೇಲಿ ನಾವು ಮೀನಾ ಮಿಸ್?" ಎಂದು ಯಾರಾದರೂ ತಮಿಳಿನಲ್ಲಿ ಕೇಳಿಯೇ ಕೇಳುತ್ತಾರೆ. ಅಲ್ಲ, ಮೀನಿಗೂ ನಮಗೂ ಬಹಳ ಹಿಂದೆ ಒಬ್ಬರೇ ಪೂರ್ವಜರಿದ್ದರು, ಅದರ ಗುರುತು ಇದು ಎನ್ನುತ್ತೇನೆ. ಆ ಚಿತ್ರವನ್ನು ಮಾತ್ರ ಬೇಗ ಅಳಿಸಿಬಿಡುತ್ತೇನೆ.

ಈ ವರ್ಷ ಆ ಪಾಠದ ಹಿಂದಿನ ದಿನ ಭಾನುವಾರವಿತ್ತು. ನನ್ನ ಗಂಡ ಬೆಳಿಗ್ಗೆಯೇ ಕಾಸಿಮೇಡಿನ ಮೀನುಪೇಟೆಗೆ ಹೋಗಿ ಮೀನು ತಂದಿದ್ದರು. ಅತ್ತೆ ಅಡುಗೆಮನೆಯಲ್ಲಿ ಕೂತು ಹೆರೆಯುತ್ತಿದ್ದರು.

"ಕಿವಿರು ಬಿಸಾಕ್ಬೇಡಿ ಅತ್ತೆ, ನಾಳೆ ಕ್ಲಾಸಿಗೆ ಬೇಕು" ಎಂದೆ.

"ಅದ್ಯಾತಕ್ಕವ್ವ? ಬೆಕ್ಕೂ ಮೂಸಾಕಿಲ್ಲ ಅದ್ನ."

ಹೇಳಿದೆ. ಹೊಟ್ಟೆಯೊಳಗಿನ ಕೂಸಿಗೆ ಮೂಡುವ ಮಡಿಕೆಗಳು, ಅವು ಕೂಡಿ ಕಿವಿಯಾಗುವುದು. ನಿಮ್ಮ ಮನೆಯವರಿಗೆ ಆ ಕೂಡುವ ಜಾಗ ಒಂದಿಷ್ಟು ಮುಚ್ಚದೆ ಉಳಿಯುತ್ತದೆ, ಅದೇ ಆ ತೂತು ಎಂದೆ. ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ, ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಅತ್ತೆಯ ಕೈ ನಿಂತಿತು. ಮೀನಿನ ತಲೆಯೊಳಗೆ ಹೆಬ್ಬೆಟ್ಟು ಹಾಗೇ ಇತ್ತು.

"ಎರಡು ಕಿವೀಲೂ ಇತ್ತು" ಎಂದರು.

ನನ್ನ ಮಗುವಿನ ಮಾತೆಂದು ತಿಳಿದು ಅವರ ಕಡೆ ತಿರುಗಿದೆ.

"ಎಲ್ರಿಗೂ ನೋಡ್ಬ್ಯಾಡಿ ಅಂದ್ಬುಟ್ಟು ನಾನೇ ಬಟ್ಟೆ ಸರ್ಸಿ ನೋಡ್ದೆ ಕಣವ್ವ. ಒಂದ್ಸಲಾನೂ ನೋಡ್ದೆ ಹೆಂಗ್ ಕಳ್ಸಾದು? ಋಣ ಇದ್ರೆ ನಂಗೇ ಇರ್ಲಿ ಅಂದ್ಕಂಡೆ."

ನಾನು ಒಲೆಯ ಪಕ್ಕ ನೆಲದ ಮೇಲೆ ಕುಳಿತುಬಿಟ್ಟೆ. ಇಷ್ಟು ವರ್ಷದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅಳು ಬಂತು. ಅತ್ತೆಯೂ ಅತ್ತರು, ಮೀನಿನ ಕೈಯಲ್ಲಿ ಕಣ್ಣೊರೆಸಿಕೊಳ್ಳಲಾಗದೆ ತೋಳಿಗೆ ಒರೆಸಿಕೊಂಡರು.

"ಮತ್ತೆ? ಹೇಗಿದ್ದ?" ಎಂದೆ.

"ಕಿವಿ ಮಾತ್ರ ನಮ್ಮನೇದು. ಮಿಕ್ಕಿದ್ದೆಲ್ಲಾ ನಿನ್ ಹಂಗೇ ಇದ್ದ."