ಹಗ್ಗದಾಚೆಯ ಕರಡಿ

ಕೊರೊನಾ ತುಸು ಇಳಿದಿದ್ದ ಕಾಲ. ಹರಿಹರದ ಹತ್ತಿರ ಮಕ್ಕಳ ಪಾರ್ಕೊಂದರಲ್ಲಿ ಕರಡಿ ವೇಷದವರ ಎದುರು ಕೂತು ತಿಂಡಿ ತಿನ್ನುವ 'ಕರಡಿಯ ಜೊತೆ ತಿಂಡಿ' ಇದೆಯೆಂದು ಮಗಳು ಹಟ ಹಿಡಿದಳು, ಹೋದೆವು. ಯಾರೂ ಹತ್ತಿರ ಹೋಗದಂತೆ ಕಟ್ಟಿದ್ದ ಹಗ್ಗದ ಆಚೆ, ಕರಡಿ ವೇಷ ತೊಟ್ಟವರೊಬ್ಬರು ಆ ಮೂತಿಗೂ ಮಾಸ್ಕ್ ಕಟ್ಟಿಕೊಂಡು ಕೈ ಬೀಸುತ್ತಿದ್ದರು.

ಲೋಕಿಕೆರೆಯಿಂದ ಬಂದಿದ್ದ ನಮ್ಮವ್ವ ಬೆಣ್ಣೆ ದೋಸೆ ಮುಟ್ಟಲಿಲ್ಲ. ಎದುರಿಗೆ ಒಬ್ಬರು ನಿಂತಿರುವಾಗ ಕರೆಯದೆ ತಿಂದು ಅವಳಿಗೆ ಗೊತ್ತಿಲ್ಲ.

"ಬರ್ರಿ, ಕೂಡ್ರಿ, ದೋಸೆ ತಿನ್ನೋಣ" ಎಂದು ಕರೆದಳು.

ಕರಡಿ ಮಾತಾಡುವಂತಿರಲಿಲ್ಲ. ಹೊಟ್ಟೆ ಸವರಿ, ತಿಂಡಿ ಆಗಿದೆ ಎಂದು ತೋರಿಸಿತು. ಅವ್ವ ಒಪ್ಪಲಿಲ್ಲ, ಮತ್ತೆ ಕರೆದಳು.

ಕೊನೆಗೆ ಆ ದೊಡ್ಡ ತಲೆಯೊಳಗಿಂದ ಹೆಣ್ಣುದನಿ ಬಂತು: "ನಂದು ಆಗೈತೆ ಅವ್ವಾ, ನೀವು ತಿನ್ರಿ."

ಮಗಳು ಬೆರಗಾಗಿ ನೋಡಿದಳು. ಅವ್ವ ದೋಸೆ ಮುರಿಯುತ್ತ ನನಗೆ ಮಾತ್ರ ಕೇಳುವಂತೆ ಹೇಳಿದಳು: "ಆಗಿಲ್ಲ ಆಕಿದು. ಒಂದು ಕಟ್ಟಿಸಿ ಕೊಡು."