ಬೈಸಿಕೊಳ್ಳಲು ಕಾಯುತ್ತಿದ್ದ ಬಡಿಗ

ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ, ಸುರಪುರದ ನಮ್ಮ ಓಣಿಯ ಮುದಿ ಬಡಿಗ ಕಾಲು ಕಳೆದುಕೊಂಡವರಿಗೆ ಕಟ್ಟಿಗೆಯ ಕಾಲು ಮಾಡಿಕೊಡುತ್ತಿದ್ದ. ತುಂಡಾದ ಕಾಲು ಕೂರುವ ಬಟ್ಟಲನ್ನು ಕೊರೆದು, ತೊಡಿಸಿ, ನಡೆಸಿ ನೋಡುತ್ತ, "ಎಲ್ಲಿ ಒತ್ತಾಕತ್ತದ? ಬೈ ನನಗ!" ಎನ್ನುತ್ತಿದ್ದ. ಹಿರಿಯನನ್ನು ಬೈಯುವವರು ಯಾರು? ನೋವು ನುಂಗಿಕೊಂಡು ಎಲ್ಲರೂ "ಛಲೋ ಅದರಿ" ಎಂದು ಕೈಮುಗಿಯುತ್ತಿದ್ದರು. ಆಗ ಸಿಟ್ಟಿಗೆ ಅವನ ಮೀಸೆ ಅದುರುತ್ತಿತ್ತು.

ಒಮ್ಮೆ ದೇವಾಪುರದ ಸೊಸೆಯೊಬ್ಬಳು ಅತ್ತೆಯೊಡನೆ ಬಂದಳು. ಬಂಡಿಯ ಗಾಲಿ ಹರಿದು ಅವಳ ಕಾಲು ಹೋಗಿತ್ತು. ಹೊಸ ಕಾಲು ತೊಟ್ಟು, ತಲೆಯ ಮೇಲಿನ ಸೆರಗು ಜಾರದಂತೆ ಅಂಗಳ ಸುತ್ತಿ ಬಂದು ನಕ್ಕಳು. "ಏನೂ ತ್ರಾಸಿಲ್ರಿ, ಯಪ್ಪಾ."

ಬಡಿಗ ಆ ಕಾಲು ಬಿಚ್ಚಿ ಬಟ್ಟಲನ್ನು ಬಗ್ಗಿಸಿದ. ಒಳಗಿಂದ ರಕ್ತ ಸುರಿಯಿತು. ನೋಡುತ್ತ ನಿಂತಿದ್ದ ನಾವು ಹಿಂದೆ ಸರಿದೆವು. ಅವನು ಕೊಡಲಿ ಎತ್ತಿ, ಆ ಚೆಂದದ ಕಾಲನ್ನು ಒಂದೇ ಏಟಿಗೆ ಸೀಳಿಬಿಟ್ಟ.

"ಸತ್ರೂ ಸುಮ್ನ ಇರ್ತಿಯೇನು? ಬೈ!"

ಅವಳು ತಲೆಯ ಮೇಲಿನ ಸೆರಗು ಎಳೆದುಹಾಕಿ, ಅವನ ಹೆತ್ತವರನ್ನೂ ಸೇರಿಸಿ ಬೈದಳು. ಹೆಣ್ಣುಮಗಳ ಬಾಯಲ್ಲಿ ಅಂಥ ಮಾತು ನಾವು ಕೇಳಿರಲಿಲ್ಲ. ಅತ್ತೆ ಕಿವಿ ಮುಚ್ಚಿಕೊಂಡಳು.

ಬಡಿಗ ಹೊಸ ಕಟ್ಟಿಗೆಯ ತುಂಡನ್ನು ಎಳೆದುಕೊಂಡ.

"ಹಾಂ, ಈಗ ಹೇಳವ್ವಾ. ಎಲ್ಲಿ ಒತ್ತಿತ್ತು?"