ಓರಗಿತ್ತಿಯ ಟ್ರೇಲರ್ ತೂಗಿದ ದಿನ

೨೦೨೨ರ ಬೇಸಿಗೆಯಲ್ಲಿ ನಾನು ಗ್ಲೆಂಡೇಲ್‌ನ ಒಂದು ಸಣ್ಣ ಕಂಪನಿಯಲ್ಲಿ ಸೀನಿಯರ್ ಟೆಸ್ಟ್ ಎಂಜಿನಿಯರ್ ಆಗಿದ್ದೆ. ವಾಹನದ ಹಿಂದೆ ಟ್ರೇಲರ್ ಸಿಕ್ಕಿಸುವ ಹಿಚ್ ಎಂಬ ಕೊಂಡಿಯನ್ನೂ ಟ್ರೇಲರಿನ ಬ್ರೇಕುಗಳನ್ನೂ ಪರೀಕ್ಷಿಸುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದರೂ ನಮ್ಮ ಮನೆಯಲ್ಲಿ ಟ್ರೇಲರ್ ಇರಲಿಲ್ಲ. ಅದನ್ನು ಕೊಂಡವಳು ನನ್ನ ಓರಗಿತ್ತಿ ರೂಪಾ.

ರೂಪಾ ನನ್ನ ಮೈದುನನ ಹೆಂಡತಿ. ಮಕ್ಕಳ ಡಾಕ್ಟರ್. ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಅವರ ಮನೆ. ಕೋವಿಡ್ ಕಾಲದಲ್ಲಿ ಕಂಡಕಂಡವರಿಗೆಲ್ಲ ಟ್ರೇಲರಿನ ಹುಚ್ಚು ಹಿಡಿಯಿತಲ್ಲ, ಅವಳಿಗೂ ಹಿಡಿಯಿತು. ಮೊದಲು ಪಿಕಪ್ ಟ್ರಕ್ ಬಂತು. ಆಮೇಲೆ ನಮ್ಮ ಪಕ್ಕದೂರು ಪಸಡೀನಾದ ಒಬ್ಬರಿಂದ ಇಪ್ಪತ್ತಾರು ಅಡಿಯ ಟ್ರಾವೆಲ್ ಟ್ರೇಲರ್. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇರುವ ಗಾಲಿಯ ಮೇಲಿನ ಮನೆ. ಕೊಳ್ಳುವ ಮೊದಲು ನನ್ನನ್ನು ಒಂದು ಮಾತು ಕೇಳಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಅತ್ತೆ ಇರುವುದು ನಮ್ಮ ಮನೆಯಲ್ಲಿ. ಬೆಳಗಿನ ಕಾಫಿಯಿಂದ ರಾತ್ರಿಯ ಬಿಪಿ ಮಾತ್ರೆಯವರೆಗೆ ನೋಡಿಕೊಳ್ಳುವವಳು ನಾನು, ಹೊಗಳಿಸಿಕೊಳ್ಳುವವಳು ರೂಪಾ. ಅಷ್ಟು ದೊಡ್ಡ ಗಾಡಿ ಒಬ್ಬಳೇ ಓಡಿಸುತ್ತಾಳಂತೆ ಎಂದು ಅತ್ತೆ ಮೈಸೂರಿನ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದರು. ನನ್ನ ಹದಿನಾಲ್ಕರ ಮಗಳು ಮೇಘನಾ ಅವರಿಗಿಂತ ಒಂದು ಕೈ ಮೇಲು. ಕರೆದರೂ ನಮ್ಮ ಟೆಸ್ಟ್ ಯಾರ್ಡಿಗೆ ಬಾರದ ಹುಡುಗಿ, ಚಿಕ್ಕಮ್ಮ ಬಾಡಿಗೆ ಟ್ರೇಲರೊಂದನ್ನು ರಿವರ್ಸ್ ಮಾಡಿ ಕಲಿಯುವ ವಿಡಿಯೋವನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಜುಲೈಯಲ್ಲಿ ರೂಪಾ ಪಸಡೀನಾಕ್ಕೆ ಬಂದು, ಕೊಂಡಿದ್ದ ಟ್ರೇಲರನ್ನು ಟ್ರಕ್ಕಿಗೆ ಸಿಕ್ಕಿಸಿಕೊಂಡು, ಒಂದು ರಾತ್ರಿ ನಮ್ಮಲ್ಲಿ ಉಳಿದಳು. ಮರುದಿನ ಅತ್ತೆಯನ್ನೂ ಮೇಘನಾಳನ್ನೂ ಕರೆದುಕೊಂಡು ಸ್ಯಾನ್ ಡಿಯಾಗೋದ ಕಡಲತೀರದ ಕ್ಯಾಂಪಿಗೆ ಹೋಗುವುದು. ಮೈದುನ ಮಕ್ಕಳೊಂದಿಗೆ ಅಲ್ಲಿಗೇ ಬರುವುದು. ಸಾಮಾನು ತುಂಬುವಾಗ ನಾನು ಆಫೀಸಿನಲ್ಲಿದ್ದೆ. ಶನಿವಾರಗಳಲ್ಲಿ ನಮ್ಮ ಯಾರ್ಡಿನಲ್ಲಿ ಹೊರಗಿನವರ ಟ್ರೇಲರುಗಳನ್ನೂ ತೂಗಿಕೊಡುತ್ತಿದ್ದೆವು. ಆ ಶನಿವಾರ ಡ್ಯೂಟಿ ನನ್ನದು. ಹೋಗುವ ದಾರಿಯಲ್ಲಿ ಭಾರತಿಗೆ, ಅಂದರೆ ನನಗೆ, ಒಮ್ಮೆ ತೋರಿಸಿಬಿಡು ಎಂದು ಅತ್ತೆಯೇ ಒತ್ತಾಯ ಮಾಡಿದರಂತೆ.

ಗಾಡಿ ಗೇಟಿನೊಳಗೆ ತಿರುಗುತ್ತಿದ್ದಂತೆಯೇ ಕಂಡಿತು: ಟ್ರೇಲರಿನ ಹಿಂಭಾಗ ಕುಸಿದಿತ್ತು, ಮೂತಿ ಮೇಲೆದ್ದಿತ್ತು. ಟ್ರೇಲರಿನ ಮೂತಿ ಟ್ರಕ್ಕಿನ ಹಿಚ್ಚನ್ನು ಒತ್ತುವ ಭಾರಕ್ಕೆ ಟಂಗ್ ವೆಯ್ಟ್ ಎನ್ನುತ್ತೇವೆ. ಟ್ರೇಲರಿನ ಒಟ್ಟು ತೂಕದ ಹತ್ತನೇ ಒಂದು ಭಾಗವಾದರೂ ಅಲ್ಲಿರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಬೀಸು ಹೆಚ್ಚಾದರೆ ಟ್ರಕ್ಕನ್ನೂ ಎಳೆದು ಮಗುಚುತ್ತದೆ. ಸ್ಕೇಲಿನ ಮೇಲೆ ನಿಲ್ಲಿಸಿ ತೂಗಿದೆ. ಒಟ್ಟು ಆರು ಸಾವಿರದ ಇನ್ನೂರು ಪೌಂಡು. ಮೂತಿಯಲ್ಲಿ ಬರೀ ಮುನ್ನೂರ ಎಂಬತ್ತು.

ಹಿಂದಿನ ಬಾಗಿಲು ತೆಗೆದರೆ ನಮ್ಮ ಅಡುಗೆಮನೆಯೇ ಅಲ್ಲಿ ಕುಳಿತಿತ್ತು. ಅಕ್ಕಿ ಮೂಟೆ, ವೆಟ್ ಗ್ರೈಂಡರ್, ಇಡ್ಲಿ ಪಾತ್ರೆ, ಉಪ್ಪಿನಕಾಯಿ ಜಾಡಿ, ಮನೆಯಲ್ಲಿ ಫಿಲ್ಟರ್ ಮಾಡಿದ ನೀರಿನ ಕ್ಯಾನುಗಳು. ಅತ್ತೆಗೆ ಮಡಿ ಹೆಚ್ಚು. ಟ್ರೇಲರಿನ ಕೊಳಕು ನೀರನ್ನು ಹೊರಬಿಡುವ ಪೈಪು ಮುಂದಿನ ಗೂಡಿನಲ್ಲಿತ್ತು. ಅದರ ಹತ್ತಿರ ಊಟದ ಸಾಮಾನು ಕೂಡದು ಎಂದು ಅವರು ಎಲ್ಲವನ್ನೂ ಹಿಂದಕ್ಕೆ ಸಾಗಿಸಿದ್ದರು. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಈ ಕಾರಣಕ್ಕೆ ತಪ್ಪು ಮಾಡಿದ್ದನ್ನು ನಾನು ನೋಡಿರಲಿಲ್ಲ.

ಹೀಗೆ ಹೋಗುವಂತಿಲ್ಲ ಎಂದೆ. ನನ್ನ ದನಿ ಬೇಕಾದದ್ದಕ್ಕಿಂತ ಗಡುಸಾಗಿತ್ತು. ಅತ್ತೆ ಮುಖ ಬಿಗಿದುಕೊಂಡರು. ಮೇಘನಾ ಫೋನಿನಿಂದ ತಲೆ ಎತ್ತದೆಯೇ ಕಣ್ಣು ಹೊರಳಿಸಿದಳು. ರೂಪಾ ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕ, ಪಸಡೀನಾದಿಂದ ಆರಾಮಾಗೇ ಬಂತಲ್ಲ. ತಪ್ಪು ತಿಳ್ಕೋಬೇಡಿ, ನಾವು ಈ ಗಾಡಿ ತಗೊಂಡಿದ್ದು ನಿಮಗೆ ಇಷ್ಟ ಆಗಿಲ್ಲ ಅಂತ ಗೊತ್ತು ನನಗೆ."

ಆಗ ಟ್ರೇಲರ್ ಖಾಲಿ ಇತ್ತು ಎನ್ನುವುದು ಅದಕ್ಕೆ ಉತ್ತರ. ಆದರೆ ಅವಳು ಕೇಳುತ್ತಿದ್ದದ್ದು ಬೇರೆ. ಮಗಳನ್ನು ಇಳಿಸಿಕೊಂಡು ಮನೆಗೆ ಹೋಗಿಬಿಡೋಣ ಅನ್ನಿಸಿತು. ಇಳಿಸಿಕೊಂಡರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಇವರಿಬ್ಬರೂ ಹಾಗೆಯೇ ಫ್ರೀವೇಗೆ ಹೋಗುತ್ತಾರೆ. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಹೌದು ರೂಪಾ, ನನಗೆ ಹೊಟ್ಟೆಕಿಚ್ಚಿದೆ. ಸ್ಕೇಲಿಗಿಲ್ಲ. ನೀನೇ ಬಂದು ಓದು."

ಅವಳು ಬಗ್ಗಿ ಓದಿದಳು. ಎಷ್ಟಿರಬೇಕು ಎಂದು ಕೇಳಿದಳು, ಹೇಳಿದೆ. ಟ್ರಕ್ಕಿನಲ್ಲಿದ್ದ ಮೇಘನಾಳ ಕಡೆ ತಿರುಗಿ ನೋಡಿದಳು.

"ನೀವಾಗಿದ್ರೆ ಮೇಘನಾನ ಕೂರಿಸ್ಕೊಂಡು ಹೋಗ್ತಿದ್ರಾ?"

"ಹಿಂಗಿದ್ರೆ ಇಲ್ಲ. ಸರಿ ಮಾಡಿದ್ಮೇಲೆ ನಿನ್ನ ಜೊತೆನೇ ಕಳಿಸ್ತೀನಿ."

ಭಾರದ ಸಾಮಾನನ್ನೆಲ್ಲ ಮುಂದಿನ ಗೂಡಿಗೆ ಸಾಗಿಸಬೇಕಿತ್ತು, ಒಪ್ಪಿಸಲು ಉಳಿದವರು ಅತ್ತೆ. ಆ ಪೈಪಿದ್ದ ಜಾಗದಲ್ಲಿ ಇಟ್ಟ ಅಕ್ಕಿ ತಮಗೆ ಬೇಡವೆಂದು ಹಟ ಹಿಡಿದರು. ಅವರಿಗೆ ಭೌತಶಾಸ್ತ್ರ ಹೇಳಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಪೈಪನ್ನು ಮುಚ್ಚಳದ ಡಬ್ಬಕ್ಕೆ ಹಾಕಿ ಹಿಂದಿನ ಬಂಪರಿಗೆ ಬಿಗಿದೆ. ಮುಂದಿನ ಗೂಡನ್ನು ಸೋಪು ಹಾಕಿ ಎರಡು ಸಲ ತೊಳೆದೆವು. ಅತ್ತೆ ಮೂಲೆ ಮೂಲೆ ನೋಡಿ, ತಾವೇ ನೀರು ಚಿಮುಕಿಸಿ, ಒಗೆದ ಸೀರೆಯೊಂದನ್ನು ಹಾಸಿ ಒಪ್ಪಿಗೆ ಕೊಟ್ಟರು. ಮೇಘನಾಳೂ ಇಳಿದು ಬಂದು ನೀರಿನ ಕ್ಯಾನು ಹೊತ್ತಳು. ಮತ್ತೆ ತೂಗಿದಾಗ ಮೂತಿಯಲ್ಲಿ ಏಳುನೂರ ಹತ್ತು ಪೌಂಡು ಬಂತು.

ಟ್ರಕ್ಕಿನ ಡ್ಯಾಶ್‌ಬೋರ್ಡಿನಲ್ಲಿ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯುವ ಒಂದು ಸಣ್ಣ ಲಿವರ್ ಇರುತ್ತದೆ. ರೂಪಾಳಿಗೆ ಅದನ್ನು ತೋರಿಸಿದೆ. ಬಾಲ ಬೀಸಿದರೆ ಕಾಲಿನ ಬ್ರೇಕ್ ಒತ್ತಬೇಡ, ಆಕ್ಸಿಲರೇಟರ್ ಬಿಡು, ಸ್ಟೀರಿಂಗ್ ನೇರ ಹಿಡಿ, ಕೈಯಿಂದ ಈ ಲಿವರ್ ಒತ್ತು ಎಂದೆ. ಟ್ರೇಲರ್ ಎಳೆಯುವವರಿಗೆ ಇಲ್ಲಿನ ಕಾನೂನಿನ ಮಿತಿ ಗಂಟೆಗೆ ಐವತ್ತೈದು ಮೈಲಿ, ಅದನ್ನು ದಾಟಬೇಡ ಎಂದೂ ಹೇಳಿದೆ. ಹೊರಟರು. ಮಗಳು ಮುಂದಿನ ಸೀಟಿನಲ್ಲಿ ಚಿಕ್ಕಮ್ಮನ ಪಕ್ಕ ಕುಳಿತಿದ್ದಳು.

ಮಧ್ಯಾಹ್ನ ಫೋನ್ ಬಂತು. ಕಡಲ ಪಕ್ಕದ ಒಂದು ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ರಭಸದಿಂದ ಪಕ್ಕದಲ್ಲಿ ಹಾದುಹೋಗಿ, ಟ್ರೇಲರಿನ ಬಾಲ ಎರಡು ಸಲ ಬೀಸಿ ನಿಂತಿತಂತೆ. ಎಲ್ಲರೂ ಕ್ಯಾಂಪು ತಲುಪಿಯಾಗಿತ್ತು. ಸ್ಪೀಕರಿನಲ್ಲಿ ಅತ್ತೆಯ ದನಿ: "ಇವತ್ತು ನಮ್ಮ ರೂಪಾ ಇದ್ದಿದ್ದಕ್ಕೆ ಬದುಕಿದ್ವಿ." ಮೇಘನಾ ಇಂಗ್ಲಿಷಿನಲ್ಲಿ ಅದನ್ನೇ ಇನ್ನಷ್ಟು ಉದ್ದ ಮಾಡಿ ಹೇಳಿದಳು. ಯಾರ್ಡಿನ ಸುದ್ದಿ ಯಾರೂ ಎತ್ತಲಿಲ್ಲ.

ಮುನ್ನೂರ ಎಂಬತ್ತು ಪೌಂಡಿನಲ್ಲಿ ಹೋಗಿದ್ದರೆ ಆ ಎರಡು ಬೀಸು ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಎಂದು ಹೇಳಲು ನಾಲಿಗೆ ತುರಿಸಿತು. ಅದರ ಬದಲು ರೂಪಾಳನ್ನು ಕೇಳಿದೆ: ಮೊದಲು ಏನು ಮಾಡಿದೆ, ಆಮೇಲೇನು? ಆಕ್ಸಿಲರೇಟರ್ ಬಿಟ್ಟೆ, ಲಿವರ್ ಒತ್ತಿದೆ, ಬ್ರೇಕಿನ ಮೇಲೆ ಕಾಲಿಡಲೇ ಇಲ್ಲ ಎಂದಳು. ನಮ್ಮ ಟೆಸ್ಟ್ ಡ್ರೈವರುಗಳೇ ಮೊದಲ ಸಲ ಹೆದರಿ ಬ್ರೇಕ್ ತುಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇವಳು ತುಳಿದಿರಲಿಲ್ಲ.

"ಸರಿಯಾಗಿ ಓಡಿಸಿದ್ದೀಯ ರೂಪಾ. ನಮ್ಮ ಡ್ರೈವರ್‌ಗಳೂ ಮೊದಲ್ನೇ ಸಲ ಹಿಂಗೆ ಮಾಡಲ್ಲ."

ಕೇಳಿದೆಯಾ, ಭಾರತಿಯೂ ಹೇಳುತ್ತಿದ್ದಾಳೆ ಎಂದು ಅತ್ತೆ ಮೊಮ್ಮಗಳಿಗೆ ಹೇಳಿದ್ದು ಕೇಳಿಸಿತು.

ಅಳತೆಯ ಕೆಲಸ ಕಲಿಸುವುದು ಒಂದೇ: ಬಂದ ಫಲಿತಾಂಶವನ್ನು ಬಂದ ಹಾಗೆ ಹೇಳಬೇಕು, ಅದು ಯಾರ ಪರವಾಗಿದ್ದರೂ. ಬೆಳಿಗ್ಗೆ ಯಾರ್ಡಿನಲ್ಲಿ ಅದು ಸುಲಭವಾಗಿತ್ತು, ಸ್ಕೇಲು ನನ್ನ ಪರ ಇತ್ತು. ಫೋನಿನಲ್ಲಿ ಹಾಗಿರಲಿಲ್ಲ. ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾದರೂ ನನ್ನ ಹೊಟ್ಟೆಕಿಚ್ಚು ಒಂದು ಪೌಂಡೂ ಇಳಿದಿಲ್ಲ. ಆದರೆ ಅಂದು ನನ್ನ ಮಗಳು ಕ್ಷೇಮವಾಗಿ ತಲುಪಿದ್ದಳು, ತಲುಪಿಸಿದವಳು ರೂಪಾ.